ಟ್ರಿಸ್ಟನ್ ಡ ಕುನ್ಹಾ: ವಿಮಾನವಿಲ್ಲದ ದ್ವೀಪಕ್ಕೆ ಹೋಗಿಬರುವ ಲೆಕ್ಕಾಚಾರ

ಟ್ರಿಸ್ಟನ್ ಡ ಕುನ್ಹಾ ನೋಡಬೇಕು ಎನ್ನುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಖರ್ಚಿನ ಬಗ್ಗೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ವಾಪಸ್ ಬರುವ ದಿನ ಒಂದೆರಡು ವಾರ ಮುಂದೆ ಹೋದರೆ ನಿಮ್ಮ ರಜೆ, ವೀಸಾ, ಔಷಧಿ, ಕೈಯಲ್ಲಿರುವ ದುಡ್ಡು ಇವೆಲ್ಲ ಸಾಕಾಗುತ್ತವೆಯೇ? ಈ ದ್ವೀಪದ ಮಟ್ಟಿಗೆ ಹೊರಡುವ ದಿನವನ್ನು ಹಡಗಿನವರು ಹೇಳುತ್ತಾರೆ, ಇಳಿಯುವ ದಿನವನ್ನು ಕಡಲು ಹೇಳುತ್ತದೆ. ಬೇರೆ ತಯಾರಿಯೆಲ್ಲ ಇದನ್ನು ಒಪ್ಪಿಕೊಂಡ ಮೇಲಿನ ಮಾತು.

ದ್ವೀಪ ಇರುವುದು ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ. ಕೇಪ್ ಟೌನ್‌ನಿಂದ ಪಶ್ಚಿಮಕ್ಕೆ ಸುಮಾರು 2,800 ಕಿ.ಮೀ. ಕಾಯಂ ಜನವಸತಿ ಇರುವ ಅತಿ ಹತ್ತಿರದ ನೆಲವೆಂದರೆ ಉತ್ತರಕ್ಕೆ 2,400 ಕಿ.ಮೀ. ಆಚೆಗಿನ ಸೇಂಟ್ ಹೆಲೀನಾ. ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಈ ದ್ವೀಪದಲ್ಲಿ ಊರು ಒಂದೇ, ಎಡಿನ್‌ಬರೋ ಆಫ್ ದ ಸೆವೆನ್ ಸೀಸ್. ಅಲ್ಲಿನವರು ಅದನ್ನು ‘ಸೆಟಲ್‌ಮೆಂಟ್’ ಎಂದಷ್ಟೇ ಕರೆಯುತ್ತಾರೆ. ಜನ 250ಕ್ಕಿಂತ ಕಡಿಮೆ. ಪೋರ್ಚುಗೀಸ್ ದಳಪತಿ ಟ್ರಿಸ್ಟಾವ್ ಡ ಕುನ್ಹಾ 1506ರಲ್ಲಿ ಭಾರತದ ಕಡೆ ಬರುತ್ತಿದ್ದಾಗ ಇದನ್ನು ಕಂಡು ತನ್ನ ಹೆಸರಿಟ್ಟ. ಅದೇ ನೌಕಾಪಡೆಯಲ್ಲಿ ಆಫೊನ್ಸೊ ಡ ಆಲ್ಬುಕರ್ಕ್ ಕೂಡ ಇದ್ದ. ಮುಂದೆ 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವಾ ಹಿಡಿದವನು ಅವನೇ.

ಇಳಿಯುವುದು ಏಕೆ ಕಷ್ಟ

ನಕ್ಷೆಯಲ್ಲಿ ದ್ವೀಪ ಹೆಚ್ಚುಕಡಿಮೆ ದುಂಡಗಿದೆ, ಅಡ್ಡಳತೆ ಸುಮಾರು 12 ಕಿ.ಮೀ. ಸಾಗರತಳದಿಂದ ಎದ್ದ ಒಂದೇ ಒಂದು ಜ್ವಾಲಾಮುಖಿಯ ತುದಿ ಇದು. ನೀರಿನ ಮೇಲೆ ಕಾಣುವ ಕ್ವೀನ್ ಮೇರಿಸ್ ಪೀಕ್‌ನ ಎತ್ತರ 2,060 ಮೀಟರ್; ಅದಕ್ಕಿಂತ ಹೆಚ್ಚಿನ ಭಾಗ ನೀರಿನಡಿಯಲ್ಲಿದೆ. ಇಂಥ ದ್ವೀಪಕ್ಕೆ ಕೊಲ್ಲಿ ಇರುವುದಿಲ್ಲ, ನದೀಮುಖ ಇರುವುದಿಲ್ಲ, ಈ ತಂಪು ನೀರಿನಲ್ಲಿ ಅಲೆ ಮುರಿಯಲು ಹವಳದ ದಿಬ್ಬವೂ ಇಲ್ಲ. ದಡದಿಂದ ಸ್ವಲ್ಪ ದೂರದಲ್ಲೇ ಆಳ ಶುರುವಾಗುತ್ತದೆ, ಹೀಗಾಗಿ ತೆರೆದ ಸಾಗರದ ಅಲೆ ತನ್ನ ಬಲವನ್ನೆಲ್ಲ ಇಟ್ಟುಕೊಂಡೇ ಬಂಡೆಗೆ ಬಂದು ಬಡಿಯುತ್ತದೆ. ದ್ವೀಪದ ಬಹುಪಾಲು ಅಂಚು ನೂರಾರು ಮೀಟರ್ ಎತ್ತರದ ಕಡಿದಾದ ಗೋಡೆ. ವಾಯವ್ಯ ಮೂಲೆಯಲ್ಲಿ ಮಾತ್ರ ಕೆಲವೇ ಕಿಲೋಮೀಟರ್ ಉದ್ದದ ಇಕ್ಕಟ್ಟಾದ ಸಮತಟ್ಟು ಜಾಗವಿದೆ. ಊರು, ಹೊಲ, ಬಂದರು ಎಲ್ಲವೂ ಅದರ ಮೇಲೆಯೇ. ಅದನ್ನೂ ಮಳೆನೀರಿನ ಕಮರಿಗಳು ಅಲ್ಲಲ್ಲಿ ಕೊರೆದಿವೆ. ರನ್‌ವೇ ಇಲ್ಲದಿರುವುದಕ್ಕೆ ಕಾರಣ ಹುಡುಕುತ್ತಾ ದೂರ ಹೋಗಬೇಕಿಲ್ಲ. ಹೆಲಿಕಾಪ್ಟರ್ ಕೂಡ ಆಫ್ರಿಕಾದಿಂದ ಇಷ್ಟು ದೂರ ಹಾರಿ ಬರಲಾರದು, ಹಡಗಿನ ಮೇಲೆ ಹೊತ್ತು ತಂದರೆ ಮಾತ್ರ ಸಾಧ್ಯ.

ಬಂದರಿನ ಹೆಸರು ಕ್ಯಾಲ್‌ಶಾಟ್. ಎರಡು ತಡೆಗೋಡೆಗಳ ನಡುವೆ ಸಣ್ಣ ದೋಣಿಗಳು ನುಗ್ಗುವಷ್ಟು ಜಾಗ, ಅಷ್ಟೇ. ದೊಡ್ಡ ಹಡಗು ಒಳಗೆ ಬರುವ ಪ್ರಶ್ನೆಯೇ ಇಲ್ಲ. ಅದು ಹೊರಗೆ ಲಂಗರು ಹಾಕಿ ಕಾಯಬೇಕು. ಊರಿನ ದೋಣಿಗಳನ್ನು ಕೂಡ ಬಂದರಿನ ನೀರಿನಲ್ಲಿ ಕಟ್ಟಿ ಬಿಡುವುದಿಲ್ಲ. ಕೆಲಸ ಮುಗಿದೊಡನೆ ಕ್ರೇನ್‌ನಿಂದ ಎತ್ತಿ ದಡಕ್ಕೆ ಇಡುತ್ತಾರೆ, ಇಲ್ಲದಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಅಲೆ ಅವನ್ನು ಗೋಡೆಗೆ ಅಪ್ಪಳಿಸಿ ಪುಡಿಮಾಡಬಹುದು.

ಹೊಸಬರಿಗೆ ಅರ್ಥವಾಗದೇ ಉಳಿಯುವುದು ಇದು: ಬಿಸಿಲಿದೆ, ಗಾಳಿ ಇಲ್ಲ, ದಡದ ಮನೆಗಳ ಕಿಟಕಿ ಕೂಡ ಕಾಣುತ್ತಿದೆ, ಆದರೂ ಇಳಿಸುತ್ತಿಲ್ಲ. ಕಾರಣ ಅಲ್ಲಿನ ಗಾಳಿಯಲ್ಲ, ದೂರದ ಗಾಳಿ. ದ್ವೀಪ ಇರುವುದು 37 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. 40 ಡಿಗ್ರಿಯಿಂದ ಕೆಳಗೆ ಭೂಮಿಯನ್ನು ಸುತ್ತುವ ಪಶ್ಚಿಮದ ಗಾಳಿಗೆ ಅಡ್ಡ ಬರುವ ನೆಲ ಬಹಳ ಕಡಿಮೆ. ಅಲ್ಲಿ ಎದ್ದ ಬಿರುಗಾಳಿಯಿಂದ ಹುಟ್ಟಿದ ಉದ್ದನೆಯ ಉಬ್ಬಲೆಗಳು ಬಿರುಗಾಳಿ ಸತ್ತ ಮೇಲೂ ದಿನಗಟ್ಟಲೆ ಸಾಗುತ್ತವೆ. ಹೊಳೆಯ ನೀರು ಬಂಡೆಯನ್ನು ಬಳಸಿ ಹಿಂದೆ ಮತ್ತೆ ಕೂಡಿಕೊಳ್ಳುವ ಹಾಗೆ, ಈ ಅಲೆಗಳು ದುಂಡನೆಯ ದ್ವೀಪವನ್ನು ಸುತ್ತಿ ಮರೆಯ ಬದಿಗೂ ಬರುತ್ತವೆ. ಇದರ ಮೇಲೆ ವಾಯವ್ಯದ ಗಾಳಿ ಬೀಸಿತೆಂದರೆ ಬಂದರಿನ ಬಾಯಿಗೇ ನೇರ ಹೊಡೆತ. ಗಾಳಿ ನೈರುತ್ಯಕ್ಕೆ ತಿರುಗಿದಾಗ ಪರ್ವತ ಊರಿಗೆ ಮರೆಯಾಗುತ್ತದೆ. ಇಳಿಸುವ ಅವಕಾಶ ಸಿಗುವುದು ಹೆಚ್ಚಾಗಿ ಆಗ. ಆ ಅವಕಾಶ ಅರ್ಧ ದಿನದ್ದಿರಬಹುದು, ಎರಡು ದಿನದ್ದೂ ಇರಬಹುದು. ಪ್ರವಾಸಿ ಹಡಗುಗಳು ಕಾದು ಕಾದು, ತಮ್ಮ ವೇಳಾಪಟ್ಟಿ ತಪ್ಪುತ್ತದೆಂದು ಯಾರನ್ನೂ ಇಳಿಸದೆ ಮುಂದೆ ಹೋಗಿಬಿಡುವುದು ಅಪರೂಪವೇನಲ್ಲ. ದ್ವೀಪವನ್ನು ನಿಜವಾಗಿ ನೋಡಬೇಕೆಂದಿರುವವರು ಪ್ರವಾಸಿ ಹಡಗನ್ನು ನಂಬಬಾರದು ಎನ್ನುವುದು ಇದಕ್ಕೇ.

ಇಳಿಯುವ ಕ್ಷಣದ ಬಗ್ಗೆ ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದು. ಹಡಗಿನ ಪಕ್ಕಕ್ಕೆ ಮರದ ಮೆಟ್ಟಿಲುಗಳ ಹಗ್ಗದ ಏಣಿ ಇಳಿಬಿಡುತ್ತಾರೆ. ಕೆಳಗೆ ಕಾಯುವ ದೋಣಿ ಅಲೆಯ ಜೊತೆ ಎರಡು ಮೂರು ಮೀಟರ್ ಏರಿ ಇಳಿಯುತ್ತಿರುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡು, ಮುಖ ಹಡಗಿನ ಕಡೆ ಮಾಡಿ ಇಳಿಯಬೇಕು. ಹಿಡಿತ ಅಕ್ಕಪಕ್ಕದ ಹಗ್ಗದ ಮೇಲಿರಲಿ. ಒದ್ದೆ ಮೆಟ್ಟಿಲಿನ ಮೇಲೆ ಕೈ ಇಟ್ಟರೆ ಜಾರುತ್ತದೆ. ದೋಣಿ ಅಲೆಯ ತುದಿಗೆ ಬಂದ ಗಳಿಗೆಯಲ್ಲೇ ಕಾಲಿಡಬೇಕು. ಅದು ಕುಸಿಯುವಾಗ ಕಾಲಿಟ್ಟರೆ ಕೆಳಗೆ ಬೀಳುತ್ತೀರಿ. ಏಣಿಯಲ್ಲಿ ಬೇಕಾದ್ದಕ್ಕಿಂತ ಕೆಳಗೆ ಇಳಿದು ನಿಂತರೆ, ಏರಿ ಬರುವ ದೋಣಿ ಕಾಲಿಗೆ ಬಡಿಯುತ್ತದೆ. ಆದ್ದರಿಂದ ದೋಣಿಯವರು ‘ಈಗ’ ಎಂದಾಗ ಅನುಮಾನಿಸದೆ ಹೆಜ್ಜೆ ಹಾಕಬೇಕು, ಅದಕ್ಕೆ ಮುಂಚೆ ಅಲ್ಲವೇ ಅಲ್ಲ. ಎರಡೂ ಕೈ ಖಾಲಿ ಇರಬೇಕು. ಲಗೇಜನ್ನು ಬಲೆಯಲ್ಲಿ ಬೇರೆಯಾಗಿ ಇಳಿಸುತ್ತಾರೆ, ಅದು ನೆನೆಯುತ್ತದೆ ಎಂದೇ ಲೆಕ್ಕ ಹಾಕಿ: ಪಾಸ್‌ಪೋರ್ಟ್, ಔಷಧಿ, ಕ್ಯಾಮೆರಾ ಎಲ್ಲವನ್ನೂ ನೀರು ಹೋಗದ ಚೀಲದಲ್ಲಿ ಹಾಕಿ ಬಾಯಿ ಬಿಗಿಯಬೇಕು. ಮಂಡಿನೋವು ಜೋರಾಗಿರುವವರು, ಒಂದು ಕೈಯ ಹಿಡಿತ ಸರಿಯಿಲ್ಲದವರು ಈ ವಿಷಯವನ್ನು ಅರ್ಜಿಯ ಹಂತದಲ್ಲೇ ತಿಳಿಸಲೇಬೇಕು.

ಕಾಗದಪತ್ರ: ಯಾವುದು ಮೊದಲು, ಯಾವುದು ಆಮೇಲೆ

ಇಲ್ಲಿ ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ. ವಿಮಾನದ ಟಿಕೆಟ್ ಎಲ್ಲಕ್ಕಿಂತ ಕೊನೆಗೆ.

ಮೊದಲ ಹೆಜ್ಜೆ, ದ್ವೀಪದ ಆಡಳಿತಾಧಿಕಾರಿಯ ಕಚೇರಿಗೆ ಇಮೇಲ್. ಯಾರು, ಯಾಕೆ ಬರುತ್ತೀರಿ, ಯಾವ ಹಡಗಿನಲ್ಲಿ ಬಂದು ಯಾವ ಹಡಗಿನಲ್ಲಿ ಹೋಗುವ ಯೋಚನೆ, ಎಲ್ಲಿ ಉಳಿಯಲು ಇಷ್ಟ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಹಡಗುಗಳ ವೇಳಾಪಟ್ಟಿಯನ್ನು ದ್ವೀಪದ ಅಧಿಕೃತ ಜಾಲತಾಣದಲ್ಲಿ ಮುಂಚಿತವಾಗಿ ಹಾಕಿರುತ್ತಾರೆ. ಅರ್ಜಿ ಐಲ್ಯಾಂಡ್ ಕೌನ್ಸಿಲ್ ಮುಂದೆ ಹೋಗುತ್ತದೆ. ಅವರ ಒಪ್ಪಿಗೆ ಇಲ್ಲದೆ ಯಾರೂ ಇಳಿಯುವಂತಿಲ್ಲ. ಬ್ರಿಟನ್ನಿನ ವೀಸಾ ಕೈಯಲ್ಲಿದ್ದರೆ ಅದರಿಂದ ಈ ಒಪ್ಪಿಗೆ ಬಂದಂತಾಗುವುದಿಲ್ಲ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ, ವಾಪಸ್ ಪ್ರಯಾಣದ ಖಾತ್ರಿ, ಖರ್ಚಿಗೆ ಸಾಕಾಗುವಷ್ಟು ಹಣ, ಕೇಪ್ ಟೌನ್‌ವರೆಗೆ ರೋಗಿಯನ್ನು ಸಾಗಿಸುವ ವೆಚ್ಚವೂ ಸೇರಿದ ಆರೋಗ್ಯ ವಿಮೆ ಇವು ಬೇಕು. ನಮ್ಮಲ್ಲಿ ಸಿಗುವ ಸಾಮಾನ್ಯ ಟ್ರಾವೆಲ್ ಪಾಲಿಸಿ ತೆಗೆದುಕೊಳ್ಳುವ ಮುಂಚೆ ದೂರದ ದ್ವೀಪ ಮತ್ತು ಹಡಗಿನಿಂದ ಸಾಗಾಟ ಅದರೊಳಗೆ ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಫೋನಿನಲ್ಲಿ ‘ಬರುತ್ತೆ ಸಾರ್’ ಎಂದದ್ದು ಕ್ಲೇಮಿನ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ದ್ವೀಪ ಗ್ರೀನ್‌ವಿಚ್ ವೇಳೆಯಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ 2.30 ಆದಾಗ ಅಲ್ಲಿ ಬೆಳಿಗ್ಗೆ 9.

ಎರಡನೆಯದು ಹಡಗಿನ ಸೀಟು. ಕೇಪ್ ಟೌನ್‌ನಿಂದ ವರ್ಷಕ್ಕೆ ಬೆರಳೆಣಿಕೆಯ ಸಲ ಮಾತ್ರ ಹಡಗು ಹೊರಡುತ್ತದೆ. ಹೆಚ್ಚಿನವು ಮೀನುಗಾರಿಕೆ ಅಥವಾ ಸರಕು ಹಡಗುಗಳು, ಪ್ರಯಾಣಿಕರಿಗೆ ಸುಮಾರು ಹನ್ನೆರಡು ಜಾಗ. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧನಾ ಹಡಗು ಎಸ್.ಎ. ಅಗುಲ್ಹಾಸ್ 2 ಹೋಗುತ್ತದೆ. ಅದರಲ್ಲಿ ಜಾಗವೂ ಹೆಚ್ಚು, ಹೆಲಿಕಾಪ್ಟರ್ ಸಹ ಇರುವುದರಿಂದ ಇಳಿಯುವ ಖಾತ್ರಿಯೂ ಹೆಚ್ಚು. ಅದು ಜನರನ್ನು ಇಳಿಸಿ ಗಫ್ ದ್ವೀಪದ ಹವಾಮಾನ ಕೇಂದ್ರಕ್ಕೆ ಹೋಗಿ ಮರಳಿ ಬರುವಷ್ಟರಲ್ಲಿ ನಿಮಗೆ ದ್ವೀಪದಲ್ಲಿ ಕೆಲವು ವಾರ ಸಿಗುತ್ತವೆ. ಮೊದಲ ಸಲ ಹೋಗುವವರಿಗೆ ಇದೇ ಸರಿಯಾದ ಹಡಗು. ಸೀಟು ಹಂಚಿಕೆಗೆ ಒಂದು ಆದ್ಯತಾ ಪಟ್ಟಿ ಇದೆ: ಚಿಕಿತ್ಸೆಗೆ ಹೋಗುವವರು, ದ್ವೀಪದವರು, ಸರ್ಕಾರಿ ಕೆಲಸದವರು ಮುಂದೆ, ಪ್ರವಾಸಿಗರು ಕೊನೆಗೆ. ಖಾತ್ರಿಯಾದ ಸೀಟು ಕೂಡ ಒಬ್ಬ ರೋಗಿಗಾಗಿ ಕೈತಪ್ಪಬಹುದು. ಅದು ನ್ಯಾಯವೇ, ಅವರಿಗೆ ಬೇರೆ ದಾರಿಯಿಲ್ಲ.

ಮೂರನೆಯದು ದಕ್ಷಿಣ ಆಫ್ರಿಕಾದ ವೀಸಾ. ಭಾರತೀಯರು ಹೆಚ್ಚಾಗಿ ಎಡವುವುದು ಇಲ್ಲಿ. ಹಡಗು ಹತ್ತಿದಾಗ ನೀವು ದಕ್ಷಿಣ ಆಫ್ರಿಕಾ ಬಿಟ್ಟಂತೆ. ಮರಳಿ ಕೇಪ್ ಟೌನ್ ಬಂದರಿನಲ್ಲಿ ಇಳಿದಾಗ ಹೊಸದಾಗಿ ಪ್ರವೇಶಿಸಿದಂತೆ. ಹೀಗಾಗಿ ಮಲ್ಟಿಪಲ್ ಎಂಟ್ರಿ ವೀಸಾ ಬೇಕೇ ಬೇಕು. ಅರ್ಜಿಯ ಜೊತೆ ಕೌನ್ಸಿಲ್ ಒಪ್ಪಿಗೆ ಪತ್ರ, ಹಡಗಿನ ಬುಕಿಂಗ್ ಎರಡನ್ನೂ ಲಗತ್ತಿಸಿ, ಎರಡನೇ ಪ್ರವೇಶ ಏಕೆಂದು ಒಂದು ಪುಟದಲ್ಲಿ ವಿವರಿಸಿ. ವೀಸಾದ ಕೊನೆಯ ದಿನ ಹಡಗು ಮರಳುವ ದಿನಕ್ಕಿಂತ ಕನಿಷ್ಠ ನಾಲ್ಕು ವಾರ ಆಚೆಗಿರಲಿ. ಆಡಿಸ್ ಅಬಾಬಾ ಮೂಲಕ ಹೋಗುವವರು ಗಮನಿಸಿ: ಹಳದಿ ಜ್ವರ ಇರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಳೆದರೆ ದಕ್ಷಿಣ ಆಫ್ರಿಕಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಆ ಪ್ರಮಾಣಪತ್ರಕ್ಕೆ ಬೆಲೆ.

ಇಷ್ಟಾದ ಮೇಲೆ ವಿಮಾನ. ಹಡಗು ಹೊರಡುವ ಕನಿಷ್ಠ ಮೂರು ದಿನ ಮೊದಲು ಕೇಪ್ ಟೌನ್‌ನಲ್ಲಿರಬೇಕು, ವಾಪಸ್ ಟಿಕೆಟ್ ದಿನ ಬದಲಿಸಬಹುದಾದದ್ದೇ ಆಗಿರಬೇಕು.

ಹಡಗಿನ ದಿನಗಳು, ಸಾಮಾನು

ಹೋಗುವ ಪ್ರಯಾಣ ಸುಮಾರು ಆರೇಳು ದಿನ; ಹವೆ ಕೆಟ್ಟರೆ ಹತ್ತೂ ಆಗುತ್ತದೆ. ಪಶ್ಚಿಮಕ್ಕೆ ಹೋಗುವುದೆಂದರೆ ಎದುರು ಗಾಳಿಗೆ ಹೋಗುವುದು. ಬರುವಾಗ ಗಾಳಿ ಬೆನ್ನಿಗಿರುತ್ತದೆ, ಪ್ರಯಾಣ ತುಸು ಬೇಗ. ವಾಂತಿಯ ಮಾತ್ರೆಯನ್ನು ತಲೆ ತಿರುಗಲು ಶುರುವಾದ ಮೇಲೆ ತೆಗೆದುಕೊಂಡರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹಡಗು ಬಂದರು ಬಿಡುವ ಮೊದಲೇ ನುಂಗಿರಬೇಕು. ಯಾವ ಮಾತ್ರೆ, ಎಷ್ಟು ಎನ್ನುವುದನ್ನು ನಿಮ್ಮ ವೈದ್ಯರ ಹತ್ತಿರ ಕೇಳಿಕೊಳ್ಳಿ, ಬಿಪಿ ಅಥವಾ ಗ್ಲಾಕೋಮಾ ಇರುವವರು ಮರೆಯದೆ ಕೇಳಬೇಕು. ಹತ್ತಿಪ್ಪತ್ತು ಓಆರ್‌ಎಸ್ ಪೊಟ್ಟಣ ಇರಲಿ. ಖಾಲಿ ಹೊಟ್ಟೆಯಲ್ಲಿ ಮಲಗಬೇಡಿ, ಒಣ ಬಿಸ್ಕತ್ತು ಸ್ವಲ್ಪ ಸ್ವಲ್ಪವೇ ತಿನ್ನಿ. ಮೊದಲ ಎರಡು ದಿನ ಕಳೆದರೆ ಹೆಚ್ಚಿನವರ ದೇಹ ಒಗ್ಗುತ್ತದೆ.

ದಕ್ಷಿಣ ಆಫ್ರಿಕಾದ ದಪ್ಪ ಮೂರು ದುಂಡು ಪಿನ್ನಿನ ಸಾಕೆಟ್‌ಗೆ ನಮ್ಮ ಮನೆಯ ಗೀಸರ್ ಪ್ಲಗ್ ಸರಿಯಾಗಿ ಕೂರುತ್ತದೆ; ದ್ವೀಪದಲ್ಲಿ ಬ್ರಿಟಿಷ್ ಚೌಕ ಪಿನ್ನಿನ ಅಡಾಪ್ಟರ್ ಬೇಕು. ಅಲ್ಲಿ ಎಟಿಎಂ ಇಲ್ಲ, ಪೌಂಡ್ ನೋಟುಗಳನ್ನು ಎರಡು ವಾರದ ಹೆಚ್ಚುವರಿ ಖರ್ಚಿಗೂ ಸಾಕಾಗುವಷ್ಟು ಒಯ್ಯಿರಿ. ದಿನಾ ನುಂಗುವ ಔಷಧಿ ಯೋಜಿತ ದಿನಗಳ ಎರಡರಷ್ಟು. ಹೊರಡುವ ಮೊದಲು ಹಲ್ಲು ತೋರಿಸಿಕೊಳ್ಳಿ. ಕಮೋಲಿ ಎಂಬ ಹೊಸ ಆಸ್ಪತ್ರೆ 2017ರಲ್ಲಿ ತೆರೆದಿದೆ, ವೈದ್ಯರಿದ್ದಾರೆ. ಆದರೆ ದೊಡ್ಡ ಕಾಯಿಲೆಯಾದರೆ ಮುಂದಿನ ಹಡಗಿಗೆ ಕಾದು ಕೇಪ್ ಟೌನ್‌ಗೇ ಹೋಗಬೇಕು.

ಸಸ್ಯಾಹಾರಿಗಳು ಅರ್ಜಿಯಲ್ಲೇ ಅದನ್ನು ಹೇಳಬೇಕು. ದ್ವೀಪದ ಊಟವೆಂದರೆ ಆಲೂಗಡ್ಡೆ, ಕುರಿ ಮತ್ತು ದನದ ಮಾಂಸ, ಮೀನು, ಲಾಬ್‌ಸ್ಟರ್. ಅಂಗಡಿಯಲ್ಲಿ ಏನಿದೆ ಎನ್ನುವುದು ಹಿಂದಿನ ಹಡಗು ಏನು ತಂದಿತು ಎಂಬುದರ ಮೇಲೆ. ಹಾಗೆಂದು ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗುವಂತಿಲ್ಲ. ಹಣ್ಣು, ಹಸಿ ತರಕಾರಿ, ಮೊಳಕೆಯೊಡೆಯಬಲ್ಲ ಯಾವ ಬೀಜವನ್ನೂ ಒಯ್ಯಬೇಡಿ; ಇಡೀ ಸಾಸಿವೆ, ಕೊತ್ತಂಬರಿ, ಹೆಸರುಕಾಳು ಎಲ್ಲ ಬೀಜವೇ. ಸೀಲ್ ಮಾಡಿದ ಪ್ಯಾಕೆಟ್‌ಗಳನ್ನು ಒಯ್ಯಬಹುದೇ ಎಂದು ಮೊದಲೇ ಕೇಳಿ ಪಟ್ಟಿ ಕಳಿಸಿ.

ಈ ಕಟ್ಟುನಿಟ್ಟಿಗೆ ಬಲವಾದ ಕಾರಣವಿದೆ. 1882ರಲ್ಲಿ ದಡಕ್ಕೆ ಬಡಿದ ಹೆನ್ರಿ ಬಿ. ಪಾಲ್ ಹಡಗಿನಿಂದ ಮುಖ್ಯ ದ್ವೀಪಕ್ಕೆ ಇಲಿ ಬಂತು, ಇವತ್ತಿಗೂ ಹೋಗಿಲ್ಲ. ಗಫ್ ದ್ವೀಪದಲ್ಲಿ ಹಡಗುಗಳಿಂದ ಬಂದ ಚಿಕ್ಕ ಇಲಿಗಳು ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಮರಿಗಳನ್ನು ಗೂಡಿನಲ್ಲೇ ಜೀವಂತ ಕಚ್ಚಿ ತಿನ್ನುತ್ತವೆ. ಅವನ್ನು ನಿರ್ಮೂಲ ಮಾಡಲು 2021ರಲ್ಲಿ ನಡೆದ ದೊಡ್ಡ ಪ್ರಯತ್ನ ಕೈಗೂಡಲಿಲ್ಲ. ಪಕ್ಕದ ಇನ್‌ಆಕ್ಸೆಸಿಬಲ್ ದ್ವೀಪದಲ್ಲಿ ಹಾರಲಾರದ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು ಬದುಕಿದೆ. ಅಲ್ಲಿಗೆ ಒಂದು ಜೋಡಿ ಇಲಿ ತಲುಪಿದರೆ ಆ ಹಕ್ಕಿಯ ಕಥೆ ಮುಗಿದಂತೆ. ಆದ್ದರಿಂದ ಹೊರಡುವ ಮುನ್ನ ಬೂಟಿನ ತಳದ ಪ್ರತಿ ಸಂದನ್ನೂ ಹಳೆಯ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಜಾಕೆಟ್ಟಿನ ವೆಲ್ಕ್ರೋ ಪಟ್ಟಿ, ಜೇಬಿನ ಮೂಲೆ, ಕಾಲುಚೀಲದ ಎಳೆ, ಟ್ರೈಪಾಡ್ ಕಾಲಿನ ತುದಿಗಳಲ್ಲಿ ಹುಲ್ಲಿನ ಬೀಜ ಸಿಕ್ಕಿಕೊಂಡಿರುತ್ತದೆ. ಸೂಜಿಯಿಂದ ಬಿಡಿಸಿ ತೆಗೆಯಿರಿ.

ಊರಿನ ಒಳಗೆ, ಊರಿನ ಹೊರಗೆ

ನೆಪೋಲಿಯನ್ ಸೇಂಟ್ ಹೆಲೀನಾದಲ್ಲಿ ಸೆರೆಯಲ್ಲಿದ್ದಾಗ, 1816ರಲ್ಲಿ ಬ್ರಿಟನ್ ಇಲ್ಲೊಂದು ಕಾವಲು ಪಡೆ ಇಟ್ಟಿತು. ಪಡೆ ಮರುವರ್ಷ ಹೊರಟಾಗ ವಿಲಿಯಂ ಗ್ಲಾಸ್ ಎಂಬ ಸ್ಕಾಟಿಷ್ ಸೈನಿಕ ಕುಟುಂಬದೊಂದಿಗೆ ಉಳಿದುಕೊಂಡ. ಅವನು, ಅವನ ಜೊತೆಗಾರರು 1817ರಲ್ಲಿ ಬರೆದುಕೊಂಡ ಕರಾರಿನ ತಿರುಳು ಇಷ್ಟೇ: ಎಲ್ಲರೂ ಸಮಾನರು, ಸರಕು ಮತ್ತು ಲಾಭ ಸಮಪಾಲು. ಇವತ್ತಿಗೂ ಭೂಮಿ ಸಮುದಾಯದ್ದು. ಹೊರಗಿನವರು ಕೊಳ್ಳುವಂತಿಲ್ಲ, ಬಂದು ನೆಲೆಸುವಂತಿಲ್ಲ. ಒಂದು ಮನೆಯವರು ಎಷ್ಟು ದನ, ಎಷ್ಟು ಕುರಿ ಸಾಕಬಹುದು ಎನ್ನುವುದಕ್ಕೂ ಮಿತಿ ಇದೆ. ಹೋಟೆಲ್ ಇಲ್ಲ, ಮನೆಗಳಲ್ಲಿ ಊಟ ಸಹಿತ ವಾಸ, ಇಲ್ಲವೇ ಬಾಡಿಗೆ ಮನೆಯಲ್ಲಿ ಸ್ವಂತ ಅಡುಗೆ. ಮನೆಯವರ ಜೊತೆ ಉಳಿಯುವುದೇ ಮೇಲು. ಯಾವ ದಿನ ದೋಣಿ ಇಳಿಯುತ್ತದೆ, ಯಾರು ಬೆಟ್ಟಕ್ಕೆ ಹೋಗುತ್ತಾರೆ ಎಂಬ ಸುದ್ದಿ ಊಟದ ಮೇಜಿನಲ್ಲೇ ಸಿಗುತ್ತದೆ.

ಸಮುದ್ರ ಶಾಂತವಾಗಿದ್ದರೆ ಮುಂಜಾನೆ ಗಂಟೆ ಬಾರಿಸುತ್ತಾರೆ, ಅಂದರೆ ಅವತ್ತು ಮೀನುಗಾರಿಕೆ. ಆ ದಿನ ಕಚೇರಿಯ ಕೆಲಸವನ್ನೂ ಬಿಟ್ಟು ಜನ ಲಾಬ್‌ಸ್ಟರ್ ಹಿಡಿಯಲು, ಸಂಜೆ ಅದನ್ನು ಫ್ಯಾಕ್ಟರಿಯಲ್ಲಿ ಸಂಸ್ಕರಿಸಲು ಹೋಗುತ್ತಾರೆ. ದ್ವೀಪದ ಮುಖ್ಯ ಆದಾಯವೇ ಅದು. ನಿಮಗೆ ಗೊತ್ತುಮಾಡಿದ್ದ ಗೈಡ್ ಅವತ್ತು ಸಿಗದಿದ್ದರೆ ಬೇಸರಪಡಬೇಡಿ.

ಊರಿನ ಸಮತಟ್ಟಿನಲ್ಲಿ, ಮೂರು ಕಿ.ಮೀ. ದೂರದ ಕಲ್ಲುಗೋಡೆಗಳ ಆಲೂಗಡ್ಡೆ ಹೊಲ ‘ಪ್ಯಾಚಸ್’ವರೆಗೆ, ಒಬ್ಬರೇ ಓಡಾಡಬಹುದು. ಅದರಾಚೆ ಗೈಡ್ ಕಡ್ಡಾಯ. ಊರಿನ ಹಿಂದಿನ ಗೋಡೆಯಂಥ ಬೆಟ್ಟ ಹತ್ತಿದರೆ ಸುಮಾರು 600 ಮೀಟರ್ ಎತ್ತರದಲ್ಲಿ ‘ಬೇಸ್’ ಎಂಬ ಇಳಿಜಾರು ಬಯಲು. ಜರೀಗಿಡಗಳ ನಡುವೆ ಆಲ್ಬಟ್ರಾಸ್ ಗೂಡುಗಳು ಅಲ್ಲಿವೆ. ಮಳೆಯಲ್ಲಿ ಈ ದಾರಿ ಅಪಾಯಕಾರಿ: ಜ್ವಾಲಾಮುಖಿಯ ಬೂದಿ ಮತ್ತು ಲಾವಾ ಪದರಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿಲ್ಲ, ನೀರು ಕುಡಿದ ಬೂದಿ ಜಾರಿದರೆ ಮೇಲಿನ ಕಲ್ಲು ಉರುಳುತ್ತದೆ. ತುದಿಯವರೆಗೆ ಹೋಗಿಬರಲು ಪೂರ್ತಿ ಒಂದು ದಿನ ಬೇಕು, ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮೇಲಿನ ಭಾಗ ಸಡಿಲ ಕಿಟ್ಟದ ಕಲ್ಲು, ಇಟ್ಟ ಹೆಜ್ಜೆ ಅರ್ಧ ಹಿಂದೆ ಜಾರುತ್ತದೆ. ಮೋಡ ಇಳಿದರೆ ನಾಲ್ಕು ಮಾರು ಆಚೆಗೆ ಕಾಣುವುದಿಲ್ಲ. ಗೈಡ್ ‘ಇವತ್ತು ಬೇಡ’ ಎಂದರೆ ಮುಗಿಯಿತು, ವಾದ ಮಾಡಬಾರದು.

ಜ್ವಾಲಾಮುಖಿ ಇನ್ನೂ ಜೀವಂತ. ಭೂಮಿಯ ಆಳದಿಂದ ಮೇಲೇಳುವ ಬಿಸಿ ಬಂಡೆಯ ಚಿಲುಮೆಯೊಂದರ ಕೆಲಸ ಇದು. ಸುಮಾರು 13 ಕೋಟಿ ವರ್ಷ ಹಿಂದೆ ಇದೇ ಚಿಲುಮೆ ನಮೀಬಿಯಾ ಮತ್ತು ಬ್ರೆಜಿಲ್‌ನ ಲಾವಾ ಪ್ರಸ್ಥಭೂಮಿಗಳನ್ನು ಉಕ್ಕಿಸಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಬೀದರ್, ಕಲಬುರಗಿ, ವಿಜಯಪುರದ ಕಪ್ಪು ಕಲ್ಲಿಗೂ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪಕ್ಕೂ ಇರುವ ನಂಟು ಇದೇ ಬಗೆಯದು. 1961ರ ಆಗಸ್ಟ್‌ನಲ್ಲಿ ಭೂಕಂಪನ ಶುರುವಾಗಿ, ಅಕ್ಟೋಬರ್‌ನಲ್ಲಿ ಊರಿನ ಪಕ್ಕದಲ್ಲೇ ನೆಲ ಸೀಳಿ ಲಾವಾ ಬಂತು. ಮನೆಗಳು ಉಳಿದವು, ಫ್ಯಾಕ್ಟರಿ ಮತ್ತು ದೋಣಿ ಇಳಿಸುವ ದಡ ಹೋದವು. 264 ಜನರೂ ಪಕ್ಕದ ನೈಟಿಂಗೇಲ್ ದ್ವೀಪ, ಕೇಪ್ ಟೌನ್ ದಾಟಿ ಇಂಗ್ಲೆಂಡ್ ಸೇರಿದರು. ಅಲ್ಲಿ ಅವರು ಹೆಚ್ಚು ಕಾಲ ಇದ್ದ ಜಾಗವೇ ಕ್ಯಾಲ್‌ಶಾಟ್, ಬಂದರಿಗೆ ಇಟ್ಟಿರುವುದು ಅದೇ ಹೆಸರು. ಮರಳಬೇಕೇ ಎಂದು 1962ರಲ್ಲಿ ಮತ ಹಾಕಿದಾಗ ಹೌದು ಎಂದವರು 148, ಬೇಡ ಎಂದವರು 5. ಮರುವರ್ಷ ಹೆಚ್ಚಿನವರು ವಾಪಸಾದರು. ದಡ ಹೋಗಿದ್ದರಿಂದಲೇ ಬಂದರು ಕಟ್ಟಬೇಕಾಯಿತು, 1967ರಲ್ಲಿ ಅದು ಸಿದ್ಧವಾಯಿತು. 2004ರಲ್ಲಿ ನೀರಿನಡಿಯ ಸ್ಫೋಟವಾಗಿ ತೇಲುಗಲ್ಲುಗಳು ದಡಕ್ಕೆ ಬಂದಿದ್ದವು. 1961ರ ಲಾವಾದಿಂದಾದ ಊರಿನ ಪಕ್ಕದ ಕಪ್ಪು ದಿಬ್ಬದ ಮೇಲೆ ಈಗ ನಡೆದಾಡಬಹುದು. ಲಾವಾ ಕಲ್ಲಿನ ಅಂಚು ಗಾಜಿನಷ್ಟು ಹರಿತ, ಕೈಗವಸು ಇರಲಿ.

ನೈಟಿಂಗೇಲ್‌ಗೆ ದೋಣಿ ಪ್ರವಾಸ ಸಿಕ್ಕರೆ ಬಿಡಬೇಡಿ. ರಾಕ್‌ಹಾಪರ್ ಪೆಂಗ್ವಿನ್‌ಗಳ ದೊಡ್ಡ ನೆಲೆ ಅದು. 2011ರ ಮಾರ್ಚ್‌ನಲ್ಲಿ ಸೋಯಾ ಹೊತ್ತ ಒಲಿವಾ ಹಡಗು ಅದರ ಬಂಡೆಗೆ ಬಡಿದು ತೈಲ ಸೋರಿದಾಗ ಊರಿನವರು ಸಾವಿರಾರು ಪೆಂಗ್ವಿನ್‌ಗಳನ್ನು ತಂದು ತೊಳೆದು ಆರೈಕೆ ಮಾಡಿದರು. ಹೋಗಲು ದಿನ ಗೊತ್ತುಮಾಡಿಕೊಳ್ಳಲಾಗದು. ಒಳ್ಳೆಯ ಹವೆಯ ಹಿಂದಿನ ಸಂಜೆ ಹೇಳುತ್ತಾರೆ, ಬೆಳಿಗ್ಗೆ ಸಿದ್ಧವಾಗಿರಬೇಕು.

ಹೊರಡುವಾಗಲೂ ಇದೇ ಶಿಸ್ತು. ಹಡಗು ತಡವಾಗುವುದನ್ನು ಎಲ್ಲರೂ ನಿರೀಕ್ಷಿಸುತ್ತಾರೆ, ಆದರೆ ಹವೆ ಕೆಡುವ ಸೂಚನೆ ಕಂಡರೆ ಅದು ಒಂದೆರಡು ದಿನ ಮೊದಲೇ ಜನರನ್ನು ಹತ್ತಿಸಿಕೊಂಡು ಹೋಗುವುದೂ ಉಂಟು. ಕೊನೆಯ ವಾರ ಬೆಟ್ಟದ ಕಡೆ ದೂರ ಹೋಗುವ ಯೋಜನೆ ಇಟ್ಟುಕೊಳ್ಳಬೇಡಿ. ಬಾಡಿಗೆ, ಊಟದ ಲೆಕ್ಕವನ್ನು ಮುಂಚೆಯೇ ಚುಕ್ತಾ ಮಾಡಿ, ಬ್ಯಾಗ್ ಕಟ್ಟಿ ಬಾಗಿಲ ಬಳಿ ಇಡಿ, ಮಾತ್ರೆ ಜೇಬಿನಲ್ಲಿರಲಿ. ಕೇಪ್ ಟೌನ್‌ನಿಂದ ಬೆಂಗಳೂರಿನ ವಿಮಾನವನ್ನು ಹಡಗು ತಲುಪುವ ದಿನದಿಂದ ಕನಿಷ್ಠ ಒಂದು ವಾರ ಬಿಟ್ಟು ಬುಕ್ ಮಾಡಿ.